ಕೇತಿ ಕಣಿವೆಯ ಸೆರೆ: ನೀಲಗಿರಿಯಲ್ಲಿ ಯುದ್ಧಕಾಲದ ಬಂಧನ

1901–02ರಲ್ಲಿ ನೀಲಗಿರಿಯ ಎರಡು ಕಡೆ ಬೋಯರ್ ಸೆರೆಯಾಳುಗಳ ಶಿಬಿರಗಳಿದ್ದವು. ಒಂದು ವೆಲಿಂಗ್ಟನ್ ದಂಡಿನಲ್ಲಿ, ಇನ್ನೊಂದು ಬಡಗರ ಹಟ್ಟಿಗಳು ಸುತ್ತುವರಿದ ಕೇತಿ ಕಣಿವೆಯಲ್ಲಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್ ಗಣರಾಜ್ಯಗಳಿಂದ ಬೋಯರ್ ಯುದ್ಧದಲ್ಲಿ ಹಿಡಿದು ತಂದವರನ್ನು ಬ್ರಿಟಿಷರು ಸೇಂಟ್ ಹೆಲೆನಾ, ಬರ್ಮುಡಾ, ಸಿಂಹಳದ ದಿಯತಲಾವ ಮುಂತಾದ ಕಡೆ ಇಟ್ಟರು. ಭಾರತದ ಪಾಲಿಗೆ ಬಂದವರು ಸುಮಾರು 9,000 ಮಂದಿ. ಅಹಮದ್‌ನಗರ, ಬಳ್ಳಾರಿ, ತಿರುಚಿರಾಪಳ್ಳಿ, ಭೀಮತಾಲ್, ಸಿಯಾಲ್‌ಕೋಟ್‌ಗಳ ಸಾಲಿನಲ್ಲಿ ಕೇತಿಯೂ ಸೇರಿದ್ದು ಹೀಗೆ. ಹಲ್ಲುಗಂಬಿಯ ರೈಲು ಆಗ ಕೂನೂರಿಗೇ ನಿಲ್ಲುತ್ತಿತ್ತು; ಹಳಿ ಕೇತಿಯನ್ನು ದಾಟಿ ಉದಕಮಂಡಲ ಮುಟ್ಟಿದ್ದು 1908ರಲ್ಲಿ.

ಈ ಸೆರೆಯಾಳುಗಳನ್ನು ಸರ್ಕಾರ ಯುದ್ಧಕೈದಿಗಳೆಂದು ಕರೆಯಿತು. ಆದರೆ ಬೋಯರ್ ಪಡೆಗಳಲ್ಲಿ ಸಂಬಳದ ಸಿಪಾಯಿಗಳು ಕಡಿಮೆ. ಕರೆ ಬಂದಾಗ ತಮ್ಮದೇ ಕುದುರೆ ಹತ್ತಿ ಹೊರಟ ಬೇಸಾಯಗಾರರೇ ಅಲ್ಲಿ ಹೆಚ್ಚು. ಹದಿಹರೆಯದ ಮಕ್ಕಳೂ ಮುದುಕರೂ ಸೆರೆ ಸಿಕ್ಕವರಲ್ಲಿದ್ದರು. ಆದ್ದರಿಂದ ಕೇತಿಯ ಶಿಬಿರವನ್ನು ಸೇನೆಯ ಇತಿಹಾಸದ ಒಂದು ಅಡಿಟಿಪ್ಪಣಿಯಾಗಿ ಓದಿದರೆ ಸಾಲದು. ಗಂಡಸರನ್ನು ಕಡಲಾಚೆ ಸಾಗಿಸಿದ ಸರ್ಕಾರವೇ ಅವರ ಹೊಲಮನೆಗಳನ್ನು ಸುಟ್ಟು, ಹೆಂಗಸರು ಮಕ್ಕಳನ್ನು ಅಲ್ಲಿನ ಗುಡಾರಗಳಿಗೆ ತಳ್ಳಿತು. ಎಮಿಲಿ ಹಾಬ್‌ಹೌಸ್ 1901ರ ಆರಂಭದಲ್ಲಿ ಬ್ಲೂಮ್‌ಫಾಂಟೇನ್ ಮೊದಲಾದ ಶಿಬಿರಗಳನ್ನು ಕಂಡು, ಅಲ್ಲಿನ ಹಸಿವು, ದಡಾರ, ವಿಷಮಶೀತಜ್ವರಗಳ ವಿವರವನ್ನು ಲಂಡನ್ನಿಗೆ ಒಯ್ದರು. ಸತ್ತ ಬೋಯರರ ಸಂಖ್ಯೆ ಸುಮಾರು 28,000. ಅದರಲ್ಲಿ 22,000ಕ್ಕೂ ಹೆಚ್ಚು 16 ವರ್ಷದೊಳಗಿನ ಮಕ್ಕಳು. ಕರಿಯರಿಗೆಂದೇ ಇದ್ದ ಬೇರೆ ಶಿಬಿರಗಳಲ್ಲಿ ದಾಖಲಾದ ಸಾವುಗಳೇ 14,000 ಮೀರುತ್ತವೆ. ಅವನ್ನು ಎಣಿಸುವ ಕೆಲಸ ವಿದ್ವಾಂಸರಿಗೆ ಅಗತ್ಯವೆನಿಸಲು ಬಹುಕಾಲ ಹಿಡಿಯಿತು ಎನ್ನುವುದನ್ನು ನಮ್ಮ ಶಾಸ್ತ್ರದ ದೊಡ್ಡ ಲೋಪವೆಂದೇ ನಾನು ತಿಳಿಯುತ್ತೇನೆ. ಅಪ್ಪ ನೀಲಗಿರಿಯಲ್ಲಿ, ಮಕ್ಕಳು ಬ್ಲೂಮ್‌ಫಾಂಟೇನ್‌ನಲ್ಲಿ: ಎರಡೂ ಒಂದೇ ನೀತಿಯ ತುದಿಗಳು.

ನೀಲಗಿರಿಯೇ ಏಕೆ? ಉತ್ತರ ವೆಲಿಂಗ್ಟನ್ನಿನ ಹಿನ್ನೆಲೆಯಲ್ಲಿದೆ. ಜಕ್ಕತಲೆ ಎಂಬ ಬಡಗ ಹೆಸರಿನ ಆ ಜಾಗದಲ್ಲಿ 1852ರಿಂದ ಬ್ಯಾರಕ್ಕುಗಳು ಎದ್ದದ್ದು ಬಯಲಸೀಮೆಯ ಬಿಸಿಲಿಗೆ ಬಳಲಿದ ಬಿಳಿಯ ಸೈನಿಕರ ಆರೋಗ್ಯಕ್ಕಾಗಿ. ಬಿಳಿಯ ದೇಹಕ್ಕೆ ತಂಪು ಹವೆ ಬೇಕು ಎಂಬ ನಂಬಿಕೆ ಗಿರಿಧಾಮಗಳನ್ನು ಕಟ್ಟಿಸಿತ್ತು. ಶತ್ರುವೂ ಬಿಳಿಯನಾದಾಗ ಅದೇ ನಂಬಿಕೆ ಅವನನ್ನೂ ಬೆಟ್ಟಕ್ಕೆ ಹತ್ತಿಸಿತು. ಕಾವಲಿಗೆ ಪಡೆ ಸಿದ್ಧವಿತ್ತು, ಇಳಿಯುವ ದಾರಿಗಳು ಕೆಲವೇ; ಅದೂ ಅನುಕೂಲವೇ. ಭೀಮತಾಲ್, ದಿಯತಲಾವಗಳ ಆಯ್ಕೆಯಲ್ಲೂ ಇದೇ ತರ್ಕ ಕಾಣುತ್ತದೆ. ಬಳ್ಳಾರಿ, ತಿರುಚಿರಾಪಳ್ಳಿಗಳ ಉರಿಬಿಸಿಲಿಗೆ ಕಳಿಸಲ್ಪಟ್ಟವರಿಗೆ ಈ ದಯೆ ಸಿಗಲಿಲ್ಲ ಎನ್ನುವುದೂ ನಿಜ.

ಇಲ್ಲೊಂದು ಗೊಂದಲ ಬಿಡಿಸಬೇಕು. ಗೂಡಲೂರು ಘಾಟಿಯ ಮೇಲಿನ ನಡುವಟ್ಟಂನಲ್ಲಿ ಸಿಂಕೋನಾ ತೋಟಗಳಿಗೆ ದುಡಿದ ಚೀನೀ ಕೈದಿಗಳನ್ನು ಅಫೀಮು ಯುದ್ಧದ ಸೆರೆಯಾಳುಗಳೆಂದು ಹೇಳುವ ರೂಢಿಯಿದೆ. 1908ರ ನೀಲಗಿರಿ ಗೆಜೆಟಿಯರಿನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಈ ಚೀನೀಯರನ್ನು ಮಲಯದ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್‌ನಿಂದ ಮದ್ರಾಸಿಗೆ ಸಾಗಿಸಿದ ಶಿಕ್ಷೆಯ ಕೈದಿಗಳೆಂದು ದಾಖಲಿಸಿದ್ದಾರೆ. ಕಾಲಗಣನೆಯೂ ಅವರ ಪರವಾಗಿದೆ: ಮೊದಲ ಅಫೀಮು ಯುದ್ಧ 1842ಕ್ಕೆ ಮುಗಿದಿತ್ತು, ಇಲ್ಲಿ ಸಿಂಕೋನಾ ಬೇರೂರಿದ್ದು 1860ರ ದಶಕದಲ್ಲಿ. ನ್ಯಾಯಾಲಯ ಶಿಕ್ಷಿಸಿದವನಿಗೆ ಒಂದು ಅವಧಿ ಇರುತ್ತದೆ; ಯುದ್ಧಕಾಲದ ಬಂಧಿತನಿಗೆ ತಾನು ಹೊರಬರುವ ದಿನವೇ ತಿಳಿಯದು. ಆದ್ದರಿಂದ ಈ ಎರಡನ್ನು ಬೆರೆಸಬಾರದು.

ಕೇತಿಯ ಎರಡನೆಯ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1840ರ ದಶಕದಲ್ಲಿ ನೀಲಗಿರಿ ಹತ್ತಿತು. ಕೇತಿಯಲ್ಲಿ ಮನೆ ಮಾಡಿದ್ದ ನಿವೃತ್ತ ಅಧಿಕಾರಿ ಜಿ. ಜೆ. ಕ್ಯಾಸಮೇಜರ್ ಅದಕ್ಕೆ ಆಸರೆಯಾದರು. 1849ರಲ್ಲಿ ಅವರು ತೀರಿಕೊಂಡಾಗ ಆಸ್ತಿಯನ್ನೂ ಮಿಷನ್ನಿಗೇ ಬಿಟ್ಟರು. ಬಡಗರ ನುಡಿ ಕನ್ನಡಕ್ಕೆ ಒಡಹುಟ್ಟು. ಹೀಗಾಗಿ ಮಂಗಳೂರು, ಧಾರವಾಡಗಳಲ್ಲಿ ಕಲಿತ ಕನ್ನಡವೇ ಪಾದ್ರಿಗಳನ್ನು ಹಟ್ಟಿಗಳ ಒಳಕ್ಕೆ ಕರೆದೊಯ್ಯಿತು. ಎಫ್. ಮೆಟ್ಜ್ ಹಟ್ಟಿಯಿಂದ ಹಟ್ಟಿಗೆ ಅಲೆದು, ಬೆಟ್ಟದ ಜನಗಳ ಬಗ್ಗೆ ಬರೆದ ಪುಸ್ತಕ ಇಂದಿಗೂ ಸಂಶೋಧಕರ ಕೈಯಲ್ಲಿದೆ.

ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿತ್ತಾದರೂ ಪಾದ್ರಿಗಳಲ್ಲಿ ಅನೇಕರು ವುರ್ಟೆಂಬರ್ಗಿನ ಜರ್ಮನರು. 1914ರ ಆಗಸ್ಟಿನಲ್ಲಿ ಯುದ್ಧ ಹೊತ್ತಿಕೊಂಡಾಗ, ವಿದೇಶೀಯರ ಸುಗ್ರೀವಾಜ್ಞೆಯ ಮುಂದೆ ಎಂಟು ದಶಕಗಳ ಸೇವೆ ಲೆಕ್ಕಕ್ಕೆ ಬರಲಿಲ್ಲ. ಹುಟ್ಟಿದ ದೇಶವಷ್ಟೇ ಲೆಕ್ಕಕ್ಕೆ ಬಂತು. ಸೈನ್ಯಕ್ಕೆ ಸೇರಬಲ್ಲ ವಯಸ್ಸಿನ ಗಂಡಸರು ಅಹಮದ್‌ನಗರದ ತಂತಿಬೇಲಿಯೊಳಗೆ ಹೋದರು. ವಯಸ್ಸಾದವರಿಗೆ, ಸಂಸಾರಗಳಿಗೆ ಬಳ್ಳಾರಿ. 1915ರ ಕೊನೆಗೂ 1916ರಲ್ಲೂ ಗೋಲ್ಕೊಂಡ ಎಂಬ ಹಡಗು ಅವರಲ್ಲಿ ಹಲವರನ್ನು ಯುರೋಪಿಗೆ ಒಯ್ದಿತು. ಮಿಷನ್ನಿನ ಹೆಂಚು ಮತ್ತು ನೇಯ್ಗೆ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಇಷ್ಟಕ್ಕೂ ಈ ಪಾದ್ರಿಗಳ ಮೇಲೆ ಕಾಯ್ದೆ ಹೊರಿಸಬೇಕಾದ ಅಪರಾಧವೇನೂ ಇರಲಿಲ್ಲ. ಆಪಾದನೆಯಿಲ್ಲದೆ, ವಿಚಾರಣೆಯಿಲ್ಲದೆ ಒಂದು ಸಮುದಾಯವನ್ನೇ ಕೂಡಿಹಾಕುವ ಈ ಕ್ರಮ ಬೋಯರ್ ಯುದ್ಧದಲ್ಲಿ ಪಳಗಿತ್ತು; ಈಗ ಅದಕ್ಕೆ ಕಾಗದಪತ್ರಗಳ ಗೌರವ ಸಿಕ್ಕಿತು.

ಬಂಧಿತರು ಬಿಳಿಯರಾಗಿರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಬೇಕಾಗಿಲ್ಲ. ನೀಲಗಿರಿಯ ತಪ್ಪಲಿನ ಆಚೆ ಪೋತನೂರು ರೈಲು ನಿಲ್ದಾಣವಿದೆ. 1921ರ ನವೆಂಬರಿನಲ್ಲಿ, ಮಲಬಾರ್ ಬಂಡಾಯದ ಸಮಯ, ತಿರೂರಿನಲ್ಲಿ ಸುಮಾರು 100 ಬಂಧಿತರನ್ನು, ಬಹುಪಾಲು ಮಾಪಿಳ್ಳೆಗಳನ್ನು, ಬಳ್ಳಾರಿಗೆ ಸಾಗಿಸಲೆಂದು ಗಾಳಿಯಾಡದ ಸಾಮಾನು ಡಬ್ಬಿಗೆ ತುಂಬಿ ಬಾಗಿಲು ಹಾಕಿದರು. ಪೋತನೂರಿನಲ್ಲಿ ಬಾಗಿಲು ತೆರೆದಾಗ ಬಹಳಷ್ಟು ಮಂದಿ ಉಸಿರುಕಟ್ಟಿ ಸತ್ತಿದ್ದರು. ಆಸ್ಪತ್ರೆಗಳಲ್ಲಿ ತೀರಿಕೊಂಡವರೂ ಸೇರಿ ಸಾವು 70ಕ್ಕೆ ಏರಿತು. ಹೊರಟ ಊರು ಬೇರೆ, ತಲುಪಬೇಕಿದ್ದದ್ದು ಬೋಯರರೂ ಜರ್ಮನ್ ಪಾದ್ರಿಗಳೂ ಇದ್ದ ಅದೇ ಬಳ್ಳಾರಿ. ಹವೆಯ ಹಿತ ನೋಡಿ ಶಿಬಿರದ ಜಾಗ ಆರಿಸುತ್ತಿದ್ದ ಸರ್ಕಾರಕ್ಕೆ ಇವರು ಉಸಿರಾಡುತ್ತಾರೆಂಬುದೂ ಹೊಳೆಯಲಿಲ್ಲ.

1939ರಲ್ಲಿ ಮತ್ತೆ ಯುದ್ಧ ಬಂದಾಗ ಮೊದಲ ವರ್ಗೀಕರಣವೇ ಮರಳಿತು. ಜರ್ಮನ್ ಗಂಡಸರು ಅಹಮದ್‌ನಗರಕ್ಕೆ, ಮುಂದೆ ಡೆಹ್ರಾಡೂನಿಗೆ. ಮಿಷನರಿಗಳ ಹೆಂಡತಿ ಮಕ್ಕಳಲ್ಲಿ ಹಲವರು ಮದ್ರಾಸ್ ಪ್ರಾಂತದ ಬೆಟ್ಟಗಳಾದ ಕೊಡೈಕೆನಾಲ್ ಮತ್ತು ಏರ್ಕಾಡಿನ ನಿಗಾ ಕೇಂದ್ರಗಳಿಗೆ.