ಚಾಲನಾ ಸಿಮ್ಯುಲೇಟರ್ ಎಷ್ಟು ನಿಜ? ಒಂದು ಶತಮಾನದ ಹುಡುಕಾಟ



ಗುಂಡ್ಲುಪೇಟೆಯಿಂದ ಕೇರಳಕ್ಕೆ ಒಂದು ದಾರಿ, ಊಟಿಗೆ ಇನ್ನೊಂದು ದಾರಿ. ಎರಡೂ ಬಂಡೀಪುರದ ಕಾಡಿನೊಳಗೇ ಹಾದು ಹೋಗುತ್ತವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವವರಿಗೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಈ ದಾರಿಗಳಲ್ಲಿ ಲಾರಿ, ಟೆಂಪೊ, ಬಸ್ಸು ಓಡಿಸಿ ಸಂಸಾರ ಸಾಗಿಸುವವರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ನಿಮಗೆ ಹೇಳಬೇಕಾಗಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ತಿರುವಿನಾಚೆ ಆನೆ ನಿಂತಿದ್ದರೆ ಚಾಲಕ ಅದನ್ನು ಎಷ್ಟು ದೂರದಲ್ಲಿ ಗುರುತಿಸುತ್ತಾನೆ? ಬ್ರೇಕ್ ತುಳಿಯಲು ಎಷ್ಟು ಹೊತ್ತು ಬೇಕಾಗುತ್ತದೆ? ಇದನ್ನು ತಿಳಿಯಲು ನಿಜವಾದ ಆನೆಯನ್ನು ರಸ್ತೆಯಲ್ಲಿ ನಿಲ್ಲಿಸಿ, ನಿಜವಾದ ಲಾರಿಯನ್ನು ಅದರತ್ತ ಓಡಿಸಿ ನೋಡಲು ಸಾಧ್ಯವಿಲ್ಲವಷ್ಟೆ.

ಸಿಮ್ಯುಲೇಟರ್ ಎಂಬ ಯಂತ್ರ ಬಳಕೆಗೆ ಬಂದದ್ದು ಇಂಥ ತೊಡಕಿನಿಂದಲೇ. ಚಾಲಕನ ಸೀಟು, ಸ್ಟೀರಿಂಗ್, ಪೆಡಲ್‌ಗಳು, ಎದುರಿಗೊಂದು ಪರದೆ. ರಸ್ತೆ ಪರದೆಯ ಮೇಲೆ ಓಡುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ಚಾಲಕ ನಡೆದುಕೊಂಡಂತೆಯೇ ರಸ್ತೆಯಲ್ಲೂ ನಡೆದುಕೊಳ್ಳುತ್ತಾನೆಯೇ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಆ ಇತಿಹಾಸದ ಮೊದಲ ಪುಟದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯೂಗೊ ಮುನ್‌ಸ್ಟರ್‌ಬರ್ಗ್ ಇದ್ದಾರೆ. ಬೀದಿಯ ಟ್ರಾಮ್‌ಗಳಿಂದ ಆಗುತ್ತಿದ್ದ ಅಪಘಾತಗಳು ಅಂದಿನ ಅಮೆರಿಕದಲ್ಲಿ ದೊಡ್ಡ ಚಿಂತೆಯಾಗಿದ್ದವು. ಯಾವ ಟ್ರಾಮ್ ಚಾಲಕ ಅಪಾಯವನ್ನು ಮುಂಚಿತವಾಗಿ ಕಾಣಬಲ್ಲ ಎಂದು ಪರೀಕ್ಷಿಸಲು ಅವರು ಒಂದು ಉಪಕರಣ ಮಾಡಿದರು. 1913ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಅದರಲ್ಲಿ ಪುಟ್ಟ ಟ್ರಾಮ್ ಗಾಡಿಯೂ ಇಲ್ಲ, ಬೀದಿಯ ಚಿತ್ರವೂ ಇಲ್ಲ. ಒಂದು ಕಾರ್ಡು, ಅದರ ನಡುವೆ ಹಳಿಯನ್ನು ಸೂಚಿಸುವ ಎರಡು ಗೆರೆಗಳು, ಅಕ್ಕಪಕ್ಕ ಅಂಕಿಗಳು. 1 ಎಂದರೆ ಕಾಲ್ನಡಿಗೆಯವನು, 2 ಕುದುರೆಗಾಡಿ, 3 ಮೋಟಾರು. ಕಪ್ಪು ಅಂಕಿ ಹಳಿಯ ಪಕ್ಕದಲ್ಲೇ ಸಾಗುವಂಥದು, ಕೆಂಪು ಅಂಕಿ ಹಳಿಯತ್ತ ಅಡ್ಡ ಬರುವಂಥದು. ಚಾಲಕ ಹಿಡಿಕೆ ತಿರುಗಿಸುತ್ತ ಕಾರ್ಡನ್ನು ಕಿಟಕಿಯಂಥ ಸಂದಿಯಲ್ಲಿ ನೋಡುತ್ತ, ಎಲ್ಲಿ ಡಿಕ್ಕಿಯಾಗಬಹುದೆಂದು ಹೇಳಬೇಕು.

ಇದು ಆಟಿಕೆಯಂತೆ ಕಾಣಬಹುದು. ಆದರೆ ಮುನ್‌ಸ್ಟರ್‌ಬರ್ಗ್ ಹೇಳಿದ ಮಾತು ಇಂದಿಗೂ ಈ ವಿಷಯದ ತಿರುಳು. ಹೊರನೋಟದಲ್ಲಿ ಟ್ರಾಮಿನ ಚಿಕ್ಕ ಪ್ರತಿಕೃತಿ ಮಾಡಿದ ಮಾತ್ರಕ್ಕೆ ಪರೀಕ್ಷೆ ನಿಜವಾಗದು, ಚಾಲಕನ ಮನಸ್ಸು ಅಲ್ಲಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಬೇಕು ಎಂಬುದು ಅವರ ವಾದ. ಪರೀಕ್ಷೆಗೆ ಬಂದ ಚಾಲಕರು ತಮಗೆ ಗಾಡಿ ನಡೆಸುವಾಗಿನ ಭಾವನೆಯೇ ಬಂತೆಂದು ಹೇಳಿದರೆಂದೂ ಅವರು ಬರೆದಿದ್ದಾರೆ. ಆದರೆ ಅದು ಪರೀಕ್ಷಿಸಿದವರೇ ಕೊಟ್ಟ ವರದಿ. ಭಾವನೆ ಬಂತೆಂಬುದು ಬೇರೆ, ನಡವಳಿಕೆ ಒಂದೇ ಎಂಬುದು ಬೇರೆ.

ಇಲ್ಲೊಂದು ಉಪಕಥೆ ಹೇಳಲೇಬೇಕು. ಮುನ್‌ಸ್ಟರ್‌ಬರ್ಗ್ ಬಳಿ ಅಧ್ಯಯನ ಮಾಡಿದ ನರೇಂದ್ರನಾಥ ಸೇನ್‌ಗುಪ್ತ ಅವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಭಾರತದ ಮೊದಲ ಮನಶ್ಶಾಸ್ತ್ರ ಪ್ರಯೋಗಾಲಯವನ್ನು ಕಟ್ಟಿದರು. ಆಮೇಲೆ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ನಮ್ಮವರು ನೆನೆಯುವುದು ಹೆಚ್ಚಾಗಿ ಮೈಸೂರಿನಲ್ಲಿ ಅವರು ಆರಂಭಿಸಿದ ‘ಆಕಾಶವಾಣಿ’ ರೇಡಿಯೊಗಾಗಿ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯಲ್ಲೇ ಇದ್ದವು. ಮನುಷ್ಯನ ಗಮನವನ್ನು ಅಳೆಯುವ ಶಾಸ್ತ್ರ ನಮಗೆ ಹೊಸದಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಯಂತ್ರದ ಬೆಳವಣಿಗೆ ಮೊದಲು ವಿಮಾನದ ಕಡೆಯಿಂದ ಬಂತು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ತಂದೆಯ ಪಿಯಾನೊ-ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ನೆಲದ ಮೇಲೆ ಓಲಾಡುವ ವಿಮಾನವನ್ನು ರಚಿಸಿದರು. 1950ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಹುಡುಗರನ್ನು ಕಾರಿನಂಥ ಸೀಟಿನಲ್ಲಿ ಕೂರಿಸಿ ಎದುರಿಗೆ ರಸ್ತೆಯ ಸಿನಿಮಾ ತೋರಿಸುತ್ತಿದ್ದರು. ಸ್ಟೀರಿಂಗ್ ಎತ್ತ ತಿರುಗಿಸಿದರೂ ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು! ಕಂಪ್ಯೂಟರ್ ಬಂದ ಮೇಲೆ ಆ ಕೊರತೆ ನೀಗಿತು. 1984ರಲ್ಲಿ ಸ್ವೀಡನ್ನಿನ ರಸ್ತೆ ಸಂಶೋಧನಾ ಸಂಸ್ಥೆ, 1985ರಲ್ಲಿ ಬರ್ಲಿನ್ನಿನಲ್ಲಿ ಡೈಮ್ಲರ್-ಬೆಂಜ್ ಕಂಪನಿ ಅಲುಗಾಡುವ ದೊಡ್ಡ ಸಿಮ್ಯುಲೇಟರ್‌ಗಳನ್ನು ಕಟ್ಟಿದವು. ಇವುಗಳಲ್ಲೊಂದು ಜಾಣತನವಿದೆ. ಬ್ರೇಕ್ ಹಾಕಿದಾಗ ಇಡೀ ಕೋಣೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸುತ್ತಾರೆ. ಭೂಮಿಯ ಸೆಳೆತವನ್ನೇ ನಮ್ಮ ಮೈ ಬ್ರೇಕಿನ ಎಳೆತವೆಂದು ತಿಳಿಯುತ್ತದೆ.

ಹೀಗೆ ಯಂತ್ರ ದೊಡ್ಡದಾದಷ್ಟೂ ನಿಜವಾಯಿತೆಂದು ಭಾವಿಸುವುದು ಸುಲಭ. ಆ ಭಾವನೆಯನ್ನು ಅಲುಗಾಡಿಸಿದ್ದು ನೆದರ್‌ಲೆಂಡ್ಸ್‌ನ ಸಂಶೋಧಕ ಬ್ಲಾವ್ 1982ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಅನುಭವಿ ಚಾಲಕರನ್ನೂ ಹೊಸಬರನ್ನೂ ಅಲುಗಾಡದ ಸಿಮ್ಯುಲೇಟರಿನಲ್ಲಿಯೂ, ಅಳತೆಯ ಉಪಕರಣಗಳಿದ್ದ ನಿಜವಾದ ಕಾರಿನಲ್ಲಿಯೂ ಹೋಲಿಸಿದರು. ಹೊಂದಿಕೆಯಲ್ಲಿ ಎರಡು ಬಗೆ ಉಂಟೆಂದು ತೋರಿಸಿದರು. ಎರಡು ಕಡೆಯೂ ಅದೇ ಅಂಕಿ ಬಂದರೆ ಅದು ಪೂರ್ಣ ಹೊಂದಿಕೆ. ಅಂಕಿಗಳು ಬೇರೆಯಾಗಿದ್ದು, ಏರಿಳಿತ ಮಾತ್ರ ಒಂದೇ ದಿಕ್ಕಿನಲ್ಲಿದ್ದರೆ ಅದು ಸಾಪೇಕ್ಷ ಹೊಂದಿಕೆ. ವೇಗದ ನಿಯಂತ್ರಣದಲ್ಲಿ ಆ ಯಂತ್ರಕ್ಕೆ ಎರಡೂ ಇದ್ದವು, ಗಾಡಿಯನ್ನು ಎಡಬಲಕ್ಕೆ ಸರಿಯಾಗಿ ಹಿಡಿಯುವುದರಲ್ಲಿ ಎರಡನೆಯದು ಮಾತ್ರ. ಸೋಜಿಗವೆಂದರೆ, ಅನುಭವಿಗೂ ಹೊಸಬನಿಗೂ ಇರುವ ಅಂತರ ಕಾರಿಗಿಂತ ಸಿಮ್ಯುಲೇಟರಿನಲ್ಲೇ ಹೆಚ್ಚು ಸ್ಪಷ್ಟವಾಗಿ ಕಂಡಿತು.

2002ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇನ್ನೊಂದು ಹೋಲಿಕೆ ಪ್ರಕಟಿಸಿದರು. ಸ್ಟಾಪ್ ಫಲಕ ಮತ್ತು ತಿರುವುಗಳಿಗೆ ಮುಂಚೆ ರಸ್ತೆಯ ಮೇಲೆ ಗಡಗಡಿಸುವ ಪಟ್ಟಿಗಳನ್ನು ಹಾಕಿದರೆ ವೇಗ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ನಿಜವಾದ ಕಾರಿನಲ್ಲಿ ಜನ ಒಟ್ಟಾರೆ ಹೆಚ್ಚು ವೇಗದಲ್ಲಿ ಓಡಿಸಿದ್ದರು, ಅಂದರೆ ಅಂಕಿಗಳು ಹೊಂದಲಿಲ್ಲ. ಆದರೆ ಪಟ್ಟಿಗಳಿಂದ ವೇಗ ತಗ್ಗುವ ರೀತಿ ಎರಡು ಕಡೆಯೂ ಹೊಂದಿತು.

ಇದನ್ನು ನಮ್ಮ ಬಂಡೀಪುರದ ರಸ್ತೆಗೆ ಅನ್ವಯಿಸಿ ನೋಡಿ. ಅಲ್ಲಿ ಹಂಪ್‌ಗಳಿವೆ, ಎಚ್ಚರಿಕೆಯ ಫಲಕಗಳಿವೆ, 2009ರಲ್ಲಿ ಆರಂಭವಾದ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಸಂಚಾರ ನಿರ್ಬಂಧವೂ ಇದೆ. ಫಲಕ ಹೆಚ್ಚು ಪರಿಣಾಮಕಾರಿಯೋ ಹಂಪ್ ಹೆಚ್ಚು ಪರಿಣಾಮಕಾರಿಯೋ ಎಂದು ಕೇಳುವುದಾದರೆ ಸಾಪೇಕ್ಷ ಹೊಂದಿಕೆಯ ಯಂತ್ರವೇ ಸಾಕು. ಆದರೆ ಈ ತಿರುವಿನಲ್ಲಿ ಲಾರಿ ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿರುತ್ತದೆ, ಆನೆ ಕಂಡ ಮೇಲೆ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಅದೇ ಯಂತ್ರದ ಉತ್ತರವನ್ನು ಒಪ್ಪಲಾಗದು. ಯಂತ್ರ ಒಂದೇ, ಪ್ರಶ್ನೆ ಬೇರೆ. ‘ಸಿಮ್ಯುಲೇಟರ್ ನಿಜವೇ?’ ಎಂದು ಕೇಳುವ ಬದಲು ‘ಯಾವ ಪ್ರಶ್ನೆಗೆ ನಿಜ?’ ಎಂದು ಕೇಳಬೇಕೆಂದು ನನ್ನ ಅಭಿಪ್ರಾಯ.

ದಿಂಬಂ ಇಳಿಯುವವನಿಗೆ ಇನ್ನೂ ಕೆಲವು ಸಂಗತಿಗಳು ಬೇಕು. ಹಿಂದಿನಿಂದ ತಳ್ಳುವ ಲೋಡಿನ ಭಾರ, ಗೇರಿನಲ್ಲಿ ಗಾಡಿಯನ್ನು ಹಿಡಿದಿಡುವ ಕ್ರಮ, ಬ್ರೇಕ್ ಕಾದಾಗ ಬರುವ ವಾಸನೆ. ಅಲುಗಾಡದ ಸೀಟಿನಲ್ಲಿ ಭಾರದ ನೂಕು ಮೈಗೆ ತಿಳಿಯುವುದಿಲ್ಲ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ನಿಂತಿದ್ದೇನೆ ಎನ್ನುತ್ತದೆ. ಈ ಜಗಳದಿಂದ ಕೆಲವರಿಗೆ ತಲೆ ಸುತ್ತಿ ವಾಂತಿ ಬರುವಂತಾಗಿ ಪರೀಕ್ಷೆಯನ್ನೇ ಬಿಟ್ಟು ಏಳುತ್ತಾರೆ. ಆಗ ಉಳಿದವರ ಫಲಿತಾಂಶವನ್ನು ಎಲ್ಲರದೆಂದು ಹೇಳುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಕೊರತೆ ಭಯದ್ದು. ಪರದೆಯ ಮೇಲೆ ಪ್ರಪಾತಕ್ಕೆ ಬಿದ್ದವನು ಎದ್ದು ಚಹಾ ಕುಡಿಯಲು ಹೋಗುತ್ತಾನೆ.

ವಿದ್ಯಾರ್ಥಿ ಮಿತ್ರರೇ, ಇದು ಸಂಶೋಧಕರಿಗೆ ಮಾತ್ರ ಸೇರಿದ ವಿಷಯವೆಂದು ತಿಳಿಯಬೇಡಿ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಹೊರಡಿಸಿ ಜುಲೈ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು. ಲಘು ವಾಹನಕ್ಕೆ 4 ವಾರಗಳೊಳಗೆ 29 ಗಂಟೆಗಳ ತರಬೇತಿ. ಅಲ್ಲಿ ಉತ್ತೀರ್ಣರಾದವರು ಲೈಸೆನ್ಸ್‌ಗಾಗಿ ಆರ್‌ಟಿಒ ಎದುರು ಮತ್ತೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. ಕಲಿಕೆಗೆ ಯಂತ್ರ ಒಳ್ಳೆಯದು. ಕ್ಲಚ್ ಬಿಡುವುದನ್ನು ಜನರಿರುವ ಬೀದಿಯಲ್ಲಿ ಕಲಿಯುವುದಕ್ಕಿಂತ ಕೋಣೆಯಲ್ಲಿ ಕಲಿಯುವುದು ಲೇಸು. ಆದರೆ ಅದನ್ನು ಚಾಲಕನ ಯೋಗ್ಯತೆಯ ಅಳತೆಗೋಲಾಗಿ ಬಳಸುವುದಾದರೆ, ಎಲ್ಲಿ, ಯಾರ ಜೊತೆ ಹೋಲಿಸಿ ನೋಡಿದ್ದಾರೆಂದು ಕೇಳುವ ಹಕ್ಕು ನಮಗಿದೆ. ಹಾಗೆ ನೋಡಿದರೆ ಮೈದಾನದಲ್ಲಿ ಎಂಟು ಹೊಡೆಸಿ ಲೈಸೆನ್ಸ್ ಕೊಡುವ ಹಳೆಯ ಪರೀಕ್ಷೆಯೂ ರಸ್ತೆಯ ಒಂದು ಅನುಕರಣೆಯೇ. ಅದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ!

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಬೊಂಬಾಯಿಯ ಐಐಟಿಯಲ್ಲಿ ಸಿಮ್ಯುಲೇಟರ್ ಇಟ್ಟು, ಮೊಬೈಲ್ ಬಳಸುವ ಚಾಲಕರು ಎದುರಿಗೆ ಬಂದವರನ್ನು ಕಂಡು ಪ್ರತಿಕ್ರಿಯಿಸುವುದು ಎಷ್ಟು ತಡವಾಗುತ್ತದೆಂದು ಅಳೆದರು. ಸಂದೇಶ ಟೈಪ್ ಮಾಡುವಾಗ ಆ ಸಮಯ ಎರಡು ಪಟ್ಟಿಗಿಂತ ಹೆಚ್ಚಾಯಿತು. ಇದನ್ನು ನಿಜವಾದ ಬೀದಿಯಲ್ಲಿ ಅಳೆಯುವುದು ಅಪರಾಧವೇ ಆಗುತ್ತಿತ್ತು. ಅವಸರದಲ್ಲಿರುವ ಚಾಲಕ ಹೇಗೆ ನಡೆದುಕೊಳ್ಳುತ್ತಾನೆಂದು ನೋಡಲು, ಗುರಿ ತಲುಪುವುದಕ್ಕೆ ಸಮಯದ ಮಿತಿ ಹಾಕಿಯೂ ಅಲ್ಲಿ ಪರೀಕ್ಷೆ ಮಾಡಿದ್ದಾರೆ.

ಆ ಅವಸರವನ್ನು ಗುಂಡ್ಲುಪೇಟೆಯವರಿಗೆ ವಿವರಿಸಬೇಕಾಗಿಲ್ಲ. ತೆರಕಣಾಂಬಿ ಮಾರುಕಟ್ಟೆಯಲ್ಲಿ ತರಕಾರಿ ತುಂಬಿಸಿಕೊಂಡು ಕೇರಳಕ್ಕೆ ಹೊರಟವನು ರಾತ್ರಿ 9ರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಲೇಬೇಕು. ತಪ್ಪಿದರೆ ಬೆಳಗಿನವರೆಗೆ ಕಾಯಬೇಕು, ಟೊಮ್ಯಾಟೊ ಬಾಡುತ್ತದೆ, ಬೆಲೆ ಇಳಿಯುತ್ತದೆ, ಬಾಡಿಗೆ ಮುರಿಯುತ್ತದೆ. ಪರದೆಯ ಎದುರು ಗಡಿಯಾರ ಇಟ್ಟು ಕೂರಿಸಿದವನಿಗೆ ಇವುಗಳಲ್ಲಿ ಗಡಿಯಾರವೊಂದೇ ಇರುತ್ತದೆ.