ಉಪ್ಪಿನ ಜಾಡು ಹಿಡಿದ ಮಾತ್ರೆಗಳು

ಪುಣೆಯ ಸಸೂನ್ ಆಸ್ಪತ್ರೆ 1867ರಲ್ಲಿ ಶುರುವಾದ ಕಾಲಕ್ಕೆ, ಹೃದಯ ಸೋತು ಮೈಯಲ್ಲಿ ನೀರು ತುಂಬಿದ ರೋಗಿಗೆ ಪಾಶ್ಚಾತ್ಯ ವೈದ್ಯದ ಬಳಿ ಇದ್ದ ಉಪಾಯಗಳು ಬಹಳ ಕಡಿಮೆ. 1785ರಲ್ಲಿ ವಿಲಿಯಂ ವಿದರಿಂಗ್ ಬರೆದು ಪ್ರಚಾರಕ್ಕೆ ತಂದ ಡಿಜಿಟಾಲಿಸ್ ಇತ್ತು. ಅದಕ್ಕೂ ಬಗ್ಗದಿದ್ದರೆ ಊದಿದ ಕಾಲಿನ ಚರ್ಮ ಚುಚ್ಚಿ ನೀರು ಬಸಿಯಬೇಕಿತ್ತು. ಆಯುರ್ವೇದದವರು ಬಾವು ಇಳಿಸಲು ಪುನರ್ನವ ಕೊಡುತ್ತಿದ್ದರು.

ಜೋರಾಗಿ ಕೆಲಸ ಮಾಡುವ ಮೂತ್ರವರ್ಧಕ ಸಿಕ್ಕಿದ್ದು ಆಕಸ್ಮಿಕವಾಗಿ. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸಿಫಿಲಿಸ್ ಇದ್ದ ಯುವತಿಗೆ ಪಾದರಸದ ಚುಚ್ಚುಮದ್ದು ನಡೆದಿತ್ತು. ವಾರ್ಡಿನ ನರ್ಸುಗಳು ಆಕೆಯ ಮೂತ್ರವನ್ನು ತಪ್ಪದೆ ಅಳೆದು ಚಾರ್ಟಿನಲ್ಲಿ ಬರೆಯುತ್ತಿದ್ದರು. ಚುಚ್ಚುಮದ್ದಿನ ಬೆನ್ನಿಗೇ ಆ ಅಂಕಿ ಹಲವು ಪಟ್ಟು ಏರುವುದು ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯವಿದ್ಯಾರ್ಥಿಯ ಕಣ್ಣಿಗೆ ಬಿತ್ತು. ಹೃದ್ರೋಗಿಗಳಿಗೆ ಕೊಟ್ಟಾಗಲೂ ಹಾಗೇ ಆಯಿತು. ಈ ಶೋಧದಲ್ಲಿ ಆ ನರ್ಸುಗಳ ಪಾಲು ದೊಡ್ಡದು. ಮುಂದೆ ದಶಕಗಟ್ಟಲೆ, ವಿಷದ ಭಯ ಇದ್ದೂ, ಪಾದರಸವೇ ಗತಿಯಾಯಿತು.

1949ರಲ್ಲಿ ಬಾಸ್ಟನ್ನಿನ ವಿಲಿಯಂ ಶ್ವಾರ್ಟ್ಸ್ ಸಲ್ಫಾ ಮಾತ್ರೆಯಿಂದ ಹೃದ್ರೋಗಿಗಳ ನೀರು ಇಳಿಸಿ ತೋರಿಸಿದರು. ಅಲ್ಲಿಂದ ದಾರಿ ಸಲೀಸಾಯಿತು. ಅಸೆಟಜೋಲಮೈಡ್, 1957ರ ಹೊತ್ತಿಗೆ ಕ್ಲೋರೋಥಯಜೈಡ್, ಆಮೇಲೆ ಸ್ಪೈರನೋಲ್ಯಾಕ್ಟೋನ್, 1960ರ ದಶಕದ ನಡುವೆ ಜರ್ಮನಿಯ ಹೆಕ್ಸ್ಟ್ ಕಂಪನಿಯ ಫ್ಯೂರೋಸಮೈಡ್, ಅಂದರೆ ಲಾಸಿಕ್ಸ್.

ಲಾಸಿಕ್ಸ್ ಬಂದ ಮೇಲೂ ಕೆಲವರ ಬಾವು ಇಳಿಯಲಿಲ್ಲ. ಕಾರಣ ಮೂತ್ರಪಿಂಡದ ಹಟ. ಸೋಸಿದ ಉಪ್ಪಿನಲ್ಲಿ ಸುಮಾರು ಮೂರನೇ ಎರಡರಷ್ಟು ನಳಿಕೆಯ ಮೊದಲ ಭಾಗದಲ್ಲೇ ರಕ್ತಕ್ಕೆ ಮರಳುತ್ತದೆ, ಇನ್ನೊಂದು ಕಾಲುಭಾಗ ಹೆನ್ಲೆಯ ಬಳಸು ಎಂಬ ಮುಂದಿನ ತಿರುವಿನಲ್ಲಿ. ಲಾಸಿಕ್ಸ್ ತಡೆಯುವುದು ಈ ಎರಡನೆಯದನ್ನು. ವಾರಗಟ್ಟಲೆ ಹಾಗೆ ತಡೆದರೆ ಕೆಳಗಿನ ನಳಿಕೆಯ ಜೀವಕೋಶಗಳು ದಪ್ಪವಾಗಿ, ಹರಿದು ಬಂದ ಉಪ್ಪನ್ನು ಅಲ್ಲೇ ಹಿಡಿಯುತ್ತವೆ. ಮೇಲಿನ ಗದ್ದೆಯ ಒಡ್ಡು ಒಡೆದಾಗ ಕೆಳಗಿನ ರೈತ ತನ್ನ ಬದು ಎತ್ತರಿಸಿದ ಹಾಗೆ. ಅಲ್ಲಿ ಕೆಲಸ ಮಾಡುವ ಮೆಟೊಲಜೋನ್ ಅಥವಾ ಥಯಜೈಡ್ ಸೇರಿಸುವ ರೂಢಿ ಬಂದದ್ದು ಇದಕ್ಕೇ. ಎರಡು ಔಷಧಿ ಕೂಡಿದಾಗ ಬಲ ಹೇಗೆ ಹೆಚ್ಚುತ್ತದೆಂದು 1991ರಲ್ಲಿ ಡೇವಿಡ್ ಎಲಿಸನ್ ವಿವರಿಸಿದರು. ಆದರೆ ದೊಡ್ಡ ಪರೀಕ್ಷೆಗೆ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ದಿನವೂ ಬರೆದುಕೊಡುವ ಔಷಧಿಗೆ ಇಷ್ಟು ತಡವಾದದ್ದು ಬೇಸರದ ಸಂಗತಿ.

ಬೆಲ್ಜಿಯಂನಲ್ಲಿ ನಡೆದ ಅಡ್ವರ್ ಅಧ್ಯಯನದ (2022) 519 ರೋಗಿಗಳಲ್ಲಿ, ಲಾಸಿಕ್ಸ್ ಬಗೆಯ ಚುಚ್ಚುಮದ್ದಿನ ಜೊತೆ ಅಸೆಟಜೋಲಮೈಡ್ ಪಡೆದ ಶೇ. 42.2 ಮಂದಿಯ ನೀರು ಮೂರು ದಿನದಲ್ಲಿ ಪೂರ್ತಿ ಇಳಿಯಿತು, ಪಡೆಯದವರಲ್ಲಿ ಶೇ. 30.5. ಸ್ಪೇನಿನ ಕ್ಲೊರೊಟಿಕ್‌ನಲ್ಲಿ 230 ಮಂದಿ. ಥಯಜೈಡ್ ಸೇರಿಸಿದವರ ತೂಕ 2.3 ಕೆ.ಜಿ. ಇಳಿಯಿತು, ಉಳಿದವರದು 1.5. ಉಸಿರಾಟದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಮೂತ್ರಪಿಂಡದ ಕಾರ್ಯ ಕುಗ್ಗಿದವರೂ ಪೊಟ್ಯಾಸಿಯಂ ಕುಸಿದವರೂ ಹೆಚ್ಚಿದರು.

ಪುಣೆಯಂಥ ಊರಿಗೆ ಈ ಕೊನೆಯ ಮಾತೇ ಮುಖ್ಯ. ಲಾಸಿಕ್ಸ್ ಬಗೆಯದೇ ಆದ ಟಾರ್ಸಮೈಡ್ ಮತ್ತು ಸ್ಪೈರನೋಲ್ಯಾಕ್ಟೋನ್ ಒಂದೇ ಮಾತ್ರೆಯಾಗಿ ನಮ್ಮ ದೇಶದ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅನುಕೂಲ ನಿಜ, ಆದರೆ ಒಂದರ ಪ್ರಮಾಣ ಬದಲಿಸಿದರೆ ಇನ್ನೊಂದರದೂ ಬದಲಾಗುತ್ತದೆ. ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದ ವಿಜಯಪುರ, ಕಲಬುರಗಿ ಕಡೆಯ ರೋಗಿ ಚೀಟಿ ಹಿಡಿದು ಊರಿಗೆ ಮರಳಿದ ಮೇಲೆ ಪೊಟ್ಯಾಸಿಯಂ, ಕ್ರಿಯಾಟಿನೈನ್ ನೋಡುವವರು ಯಾರು ಎಂಬುದು ಡಿಸ್ಚಾರ್ಜ್ ದಿನವೇ ತೀರ್ಮಾನವಾಗಬೇಕು. ಭಾರತದಲ್ಲಿ ಹೃದಯ ಸೋಲುವ ಈ ರೋಗ ಬೇಗ ಹಿಡಿಯುತ್ತದೆ: 2013ರ ತಿರುವನಂತಪುರ ನೋಂದಣಿಯ 1205 ರೋಗಿಗಳ ಸರಾಸರಿ ವಯಸ್ಸು ಸುಮಾರು 61.

ಮೈಯ ನೀರು ಇಳಿಯುತ್ತಿದೆಯೇ ಎಂಬ ಅಳತೆಯೇನೂ ದುಬಾರಿಯಲ್ಲ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರೆ ಗುಳಿ ಎಷ್ಟು ಹೊತ್ತು ನಿಂತೀತು ಎಂದು ನೋಡಬಹುದು. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ ತೂಕ ನೋಡಬಹುದು. ಆಸ್ಪತ್ರೆಯಲ್ಲಾದರೆ ಚುಚ್ಚುಮದ್ದಾಗಿ ಎರಡು ಗಂಟೆಗೆ ಮೂತ್ರದ ಸೋಡಿಯಂ ಪರೀಕ್ಷೆ: ಲೀಟರಿಗೆ 50ರಿಂದ 70 ಮಿಲಿಈಕ್ವಿವಲೆಂಟ್‌ಗಿಂತ ಕಡಿಮೆಯಿದ್ದರೆ ಪ್ರಮಾಣ ಹೆಚ್ಚಿಸಬೇಕೆಂದು ಯುರೋಪಿನ ತಜ್ಞರು 2019ರಲ್ಲಿ ಸೂಚಿಸಿದರು. ಎರಡನೇ ಔಷಧಿಯ ಸರದಿ ಅದರ ನಂತರ.

ಈಗ ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಕೂಡ ಈ ಸಾಲಿಗೆ ಸೇರಿದೆ. 2020ರಲ್ಲಿ ಪೇಟೆಂಟ್ ಮುಗಿದದ್ದರಿಂದ ಇಲ್ಲಿ ಅಗ್ಗಕ್ಕೆ ಸಿಗುತ್ತದೆ. 61 ರೋಗಿಗಳ ಡಾಪಾ-ರೆಸಿಸ್ಟ್ ಅಧ್ಯಯನದಲ್ಲಿ (2023) ತೂಕ ಇಳಿಸುವುದರಲ್ಲಿ ಇದು ಮೆಟೊಲಜೋನನ್ನು ಮೀರಿಸಲಿಲ್ಲ, ಆದರೆ ರಕ್ತದ ಲವಣಗಳ ಏರುಪೇರು ಕಡಿಮೆ. ಅಡ್ವರ್ ಇಂಥ ಮಾತ್ರೆ ನುಂಗುತ್ತಿದ್ದವರನ್ನು ಹೊರಗಿಟ್ಟಿತ್ತು. ಹೀಗಾಗಿ ಈ ಮಾತ್ರೆಯ ಮೇಲೆ ಅಸೆಟಜೋಲಮೈಡ್ ಸೇರಿಸಿದರೆ ಲಾಭ ಎಷ್ಟು ಎಂಬುದಕ್ಕೆ ಆ ಅಧ್ಯಯನದಲ್ಲಿ ಉತ್ತರವಿಲ್ಲ.