ಡೆಕ್ ನಿರ್ಮಾಣ ಪರವಾನಗಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಡೆಕ್ ನಿರ್ಮಾಣ ಪರವಾನಗಿ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಾಸದ ಮನೆಗೆ ಡೆಕ್ ಕಟ್ಟುವ ಮುನ್ನ ಸ್ಥಳೀಯ ಕಟ್ಟಡ ಇಲಾಖೆಯಿಂದ ಪಡೆಯಬೇಕಾದ ಲಿಖಿತ ಅನುಮತಿ. ಡೆಕ್ ಎಂಬುದು ನೆಲಮಟ್ಟದಿಂದ ಎತ್ತರದಲ್ಲಿ, ಹೆಚ್ಚಾಗಿ ಮರದಿಂದ ರಚಿಸುವ, ಸಾಮಾನ್ಯವಾಗಿ ಮೇಲ್ಛಾವಣಿಯಿಲ್ಲದ ಅಟ್ಟಣೆ. ಕುಳಿತು ಮಾತನಾಡಲು, ಬೇಸಿಗೆಯ ಸಂಜೆ ಊಟ ಮಾಡಲು, ಬಂಧುಮಿತ್ರರನ್ನು ಕರೆದು ಕೂಟ ನಡೆಸಲು ಇದು ಬಳಕೆಯಾಗುತ್ತದೆ. ಉಪಯೋಗದಲ್ಲಿ ಇದು ಕನ್ನಡ ನಾಡಿನ ಜಗಲಿಯನ್ನು ಹೋಲುತ್ತದೆಯಾದರೂ ರಚನೆಯಲ್ಲಿ ಭಿನ್ನವಾದುದು. ಜಗಲಿಯು ಕಲ್ಲುಮಣ್ಣಿನ ಗಟ್ಟಿ ಕಟ್ಟೆಯ ಮೇಲಿರುತ್ತದೆ. ಡೆಕ್ ಕಂಬಗಳ ಮೇಲೂ ಮನೆಯ ಗೋಡೆಗೆ ಬಿಗಿದ ಹಲಗೆಯ ಮೇಲೂ ನಿಂತಿರುತ್ತದೆ. ಅದರ ಭದ್ರತೆಯನ್ನು ನಿರ್ಧರಿಸುವ ಭಾಗಗಳಲ್ಲಿ ಹಲವು ನೆಲದೊಳಗೆ ಅಥವಾ ಹಲಗೆಗಳ ಮರೆಯಲ್ಲಿ ಇರುವುದರಿಂದ, ಅವು ಮುಚ್ಚಿಹೋಗುವ ಮೊದಲೇ ಪರೀಕ್ಷಿಸುವುದು ಪರವಾನಗಿ ಪದ್ಧತಿಯ ಮುಖ್ಯ ಉದ್ದೇಶವಾಗಿದೆ.

ಕಾನೂನಿನ ಹಿನ್ನೆಲೆ

ಅಮೆರಿಕದಲ್ಲಿ ಮನೆ ಕಟ್ಟಲು ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾಯಿದೆ ಇಲ್ಲ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಸಂಸ್ಥೆಯು ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮಾದರಿ ಸಂಹಿತೆಯನ್ನು ಪ್ರಕಟಿಸುತ್ತದೆ. ಈ ಸಂಸ್ಥೆ 1994ರಲ್ಲಿ ಸ್ಥಾಪನೆಯಾಯಿತು. ಸಂಹಿತೆಯ ಮೊದಲ ಆವೃತ್ತಿ 2000ದಲ್ಲಿ ಬಂದಿತು. ಮೂರು ವರ್ಷಗಳಿಗೊಮ್ಮೆ ಅದನ್ನು ಪರಿಷ್ಕರಿಸಲಾಗುತ್ತದೆ. ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದರೂ ಇದು ತಾನಾಗಿಯೇ ಎಲ್ಲಿಯೂ ಕಾನೂನಾಗುವುದಿಲ್ಲ. ರಾಜ್ಯ, ಕೌಂಟಿ ಅಥವಾ ನಗರಾಡಳಿತವು ಅಂಗೀಕರಿಸಿದ ನಂತರವೇ ಅದಕ್ಕೆ ಕಾನೂನಿನ ಬಲ ಬರುತ್ತದೆ. ಅಂಗೀಕರಿಸುವಾಗ ಸ್ಥಳೀಯ ತಿದ್ದುಪಡಿಗಳನ್ನು ಸೇರಿಸುವುದೂ ಉಂಟು. ಆದ್ದರಿಂದ ಈ ಲೇಖನದಲ್ಲಿ ಹೇಳಿರುವ ಅಳತೆಗಳು ಮಾದರಿ ಸಂಹಿತೆಯವು. ಆಯಾ ಊರಿನ ನಿಯಮವೇ ಅಂತಿಮ.

ಪರವಾನಗಿ ಬೇಡವಾದ ಸಂದರ್ಭಗಳು

ಮಾದರಿ ಸಂಹಿತೆಯ ಪ್ರಕಾರ ಈ ಕೆಳಗಿನ ನಾಲ್ಕು ಷರತ್ತುಗಳೂ ಒಟ್ಟಿಗೆ ಪೂರೈಸಿದರೆ ಮಾತ್ರ ಡೆಕ್‌ಗೆ ಪರವಾನಗಿಯಿಂದ ವಿನಾಯಿತಿ ದೊರೆಯುತ್ತದೆ:

1. ವಿಸ್ತೀರ್ಣ 200 ಚದರ ಅಡಿ (18.58 ಚದರ ಮೀಟರ್) ಮೀರಿರಬಾರದು.
2. ಯಾವುದೇ ಜಾಗದಲ್ಲಿ ನೆಲದಿಂದ 30 ಅಂಗುಲಕ್ಕಿಂತ (762 ಮಿಲಿಮೀಟರ್) ಹೆಚ್ಚು ಎತ್ತರವಿರಬಾರದು.
3. ಮನೆಗೆ ಜೋಡಿಸಿರಬಾರದು.
4. ಮನೆಯಿಂದ ಹೊರಬರಲು ನಿಯಮದಂತೆ ಇರಲೇಬೇಕಾದ ಬಾಗಿಲಿಗೆ ಹೊಂದಿಕೊಂಡಿರಬಾರದು.

ಇವುಗಳಲ್ಲಿ ಒಂದು ತಪ್ಪಿದರೂ ಪರವಾನಗಿ ಅಗತ್ಯ. ಇಳಿಜಾರಿನ ನಿವೇಶನದಲ್ಲಿ ಡೆಕ್‌ನ ಒಂದು ಅಂಚು ನೆಲಕ್ಕೆ ತಾಗಿದ್ದು ಇನ್ನೊಂದು ಅಂಚು ನಾಲ್ಕು ಅಡಿ ಎತ್ತರದಲ್ಲಿದ್ದರೆ ಅದು ವಿನಾಯಿತಿಗೆ ಒಳಪಡುವುದಿಲ್ಲ. ವಿನಾಯಿತಿ ದೊರೆತ ಡೆಕ್ ಕೂಡ ಉಳಿದ ನಿಯಮಗಳನ್ನು ಪಾಲಿಸಲೇಬೇಕು.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಮನೆಯ ಮಾಲೀಕರಾಗಲಿ ಅವರ ಪರವಾಗಿ ಗುತ್ತಿಗೆದಾರರಾಗಲಿ ಸಲ್ಲಿಸಬಹುದು. ಸಾಮಾನ್ಯವಾಗಿ ಅರ್ಜಿಯೊಡನೆ ಎರಡು ಬಗೆಯ ನಕ್ಷೆಗಳನ್ನು ಕೇಳಲಾಗುತ್ತದೆ.

ನಿವೇಶನ ನಕ್ಷೆ: ಜಾಗದ ಎಲ್ಲೆಗಳು, ಈಗಿರುವ ಮನೆ, ಕಟ್ಟಲಿರುವ ಡೆಕ್, ಅದರಿಂದ ಪ್ರತಿಯೊಂದು ಎಲ್ಲೆಗೆ ಇರುವ ದೂರ ಇವುಗಳನ್ನು ಇದು ತೋರಿಸುತ್ತದೆ. ಎಲ್ಲೆಯಿಂದ ಎಷ್ಟು ಜಾಗ ತೆರವಾಗಿ ಬಿಡಬೇಕೆಂಬುದನ್ನು ವಲಯ ನಿಯಮಗಳು ಗೊತ್ತುಪಡಿಸುತ್ತವೆ. ಕೊಳಚೆಗುಂಡಿ, ಬಾವಿ, ನೆಲದಡಿಯ ಕೊಳವೆಗಳಿಗಾಗಿ ಕಾದಿರಿಸಿದ ಪಟ್ಟಿ ಇದ್ದರೆ ಅವನ್ನೂ ಗುರುತಿಸಬೇಕು.

ರಚನಾ ನಕ್ಷೆ: ಪಾಯದ ಆಳ ಮತ್ತು ಅಗಲ, ಕಂಬಗಳ ಗಾತ್ರ, ತೊಲೆ ಮತ್ತು ಜಂತೆಗಳ ಅಳತೆ ಹಾಗೂ ಅಂತರ, ಗೋಡೆಗೆ ಜೋಡಿಸುವ ವಿಧಾನ, ಮೆಟ್ಟಿಲು, ಕಟಾಂಜನ ಇವುಗಳ ವಿವರ ಇದರಲ್ಲಿರುತ್ತದೆ. ಸರಳ ಡೆಕ್‌ಗಳಿಗೆ ಸಿದ್ಧ ಮಾದರಿ ನಕ್ಷೆಗಳನ್ನು ಒದಗಿಸುವ ಸ್ಥಳೀಯಾಡಳಿತಗಳೂ ಇವೆ.

ಬಡಾವಣೆಯಲ್ಲಿ ಮನೆಮಾಲೀಕರ ಸಂಘವಿದ್ದರೆ ಅದರ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗಬಹುದು. ಸಂಘದ ಒಪ್ಪಿಗೆಯು ಸರ್ಕಾರಿ ಪರವಾನಗಿಗೆ ಬದಲಿಯಲ್ಲ. ಪರವಾನಗಿಯೂ ಸಂಘದ ಒಪ್ಪಿಗೆಗೆ ಬದಲಿಯಲ್ಲ. ಪರವಾನಗಿ ದೊರೆತ 180 ದಿನಗಳೊಳಗೆ ಕೆಲಸ ಆರಂಭಿಸದಿದ್ದರೆ, ಅಥವಾ ಆರಂಭಿಸಿ 180 ದಿನ ನಿಲ್ಲಿಸಿಬಿಟ್ಟರೆ, ಮಾದರಿ ಸಂಹಿತೆಯಂತೆ ಅದು ಅಸಿಂಧುವಾಗುತ್ತದೆ. ಸಕಾರಣವಿದ್ದಲ್ಲಿ ಅವಧಿ ವಿಸ್ತರಣೆಗೆ ಬರವಣಿಗೆಯಲ್ಲಿ ಕೋರಬಹುದು.

ಪಾಯ ತೋಡುವ ಮೊದಲು 811 ಸಂಖ್ಯೆಗೆ ಕರೆಮಾಡಿ ನೆಲದಡಿಯ ಅನಿಲ, ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳನ್ನು ಗುರುತು ಮಾಡಿಸಿಕೊಳ್ಳಬೇಕು. 2007ರಿಂದ ಈ ಸಂಖ್ಯೆ ದೇಶಾದ್ಯಂತ ಬಳಕೆಯಲ್ಲಿದೆ.

ಮುಖ್ಯ ತಾಂತ್ರಿಕ ನಿಯಮಗಳು

ಭಾರ: ಡೆಕ್ ತನ್ನ ಸ್ವಂತ ತೂಕವಲ್ಲದೆ ಪ್ರತಿ ಚದರ ಅಡಿಗೆ 40 ಪೌಂಡ್ (ಚದರ ಮೀಟರ್‌ಗೆ ಸುಮಾರು 195 ಕಿಲೋಗ್ರಾಂ) ಜನ ಮತ್ತು ಸಾಮಾನಿನ ಭಾರವನ್ನು ತಾಳಬೇಕು.

ಪಾಯ: ನೆಲದೊಳಗೆ ಕನಿಷ್ಠ 12 ಅಂಗುಲ ಆಳವಿರಬೇಕು. ಚಳಿ ಪ್ರದೇಶಗಳಲ್ಲಿ ಮಣ್ಣಿನ ತೇವಾಂಶ ಹೆಪ್ಪುಗಟ್ಟಿ ಹಿಗ್ಗಿದಾಗ ಆಳವಿಲ್ಲದ ಪಾಯ ಮೇಲಕ್ಕೆದ್ದು ಡೆಕ್ ವಾಲುತ್ತದೆ. ಆದ್ದರಿಂದ ಅಲ್ಲಿ ಮಣ್ಣು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಕ್ಕೆ ಪಾಯ ಹೋಗಬೇಕು. ಮಿನ್ನೆಸೋಟಾ ರಾಜ್ಯದಲ್ಲಿ ಈ ಆಳ ದಕ್ಷಿಣ ಭಾಗಕ್ಕೆ 42 ಅಂಗುಲ, ಉತ್ತರ ಭಾಗಕ್ಕೆ 60 ಅಂಗುಲ.

ಗೋಡೆಯ ಜೋಡಣೆ: ಡೆಕ್‌ನ ಒಂದು ಬದಿಯ ಭಾರವನ್ನು ಹೊರುವ, ಗೋಡೆಗೆ ಬಿಗಿದ ಹಲಗೆಯನ್ನು ಲೆಡ್ಜರ್ ಎನ್ನುತ್ತಾರೆ. ಎಳೆತಕ್ಕೆ ಸಡಿಲಗೊಂಡು ಕಿತ್ತುಬರುವ ಮೊಳೆಗಳಿಂದ ಇದನ್ನು ಜೋಡಿಸುವಂತಿಲ್ಲ. ಗೊತ್ತುಪಡಿಸಿದ ಅಂತರದಲ್ಲಿ ಬೋಲ್ಟ್ ಅಥವಾ ದಪ್ಪ ತಿರುಪುಗಳನ್ನು ಬಳಸಬೇಕು. ಗೋಡೆಗೂ ಹಲಗೆಗೂ ನಡುವೆ ಮಳೆನೀರು ಇಳಿಯದಂತೆ ಫ್ಲ್ಯಾಶಿಂಗ್ ಎಂಬ ತಡೆಪಟ್ಟಿಯನ್ನು ಕೂರಿಸಬೇಕು. ನೀರು ನಿಂತರೆ ಮರ ಒಳಗಿಂದೊಳಗೇ ಕೊಳೆಯುತ್ತದೆ.

ಕಟಾಂಜನ: ನಡೆದಾಡುವ ಮಟ್ಟವು ಕೆಳಗಿನ ನೆಲದಿಂದ 30 ಅಂಗುಲಕ್ಕಿಂತ ಎತ್ತರವಿದ್ದರೆ ಅಂಚಿನಲ್ಲಿ ಕನಿಷ್ಠ 36 ಅಂಗುಲ ಎತ್ತರದ ಕಟಾಂಜನ ಕಡ್ಡಾಯ. ಕ್ಯಾಲಿಫೋರ್ನಿಯದಲ್ಲಿ ಇದು 42 ಅಂಗುಲ. ಸರಳುಗಳ ನಡುವೆ 4 ಅಂಗುಲ ವ್ಯಾಸದ ಚೆಂಡು ತೂರದಂತಿರಬೇಕು. ಚಿಕ್ಕ ಮಕ್ಕಳು ನುಸುಳಿ ಬೀಳದಿರಲೆಂಬುದು ಇದರ ಆಶಯ.

ಮೆಟ್ಟಿಲು: ಪ್ರತಿ ಮೆಟ್ಟಿಲಿನ ಏರು 7¾ ಅಂಗುಲ ಮೀರಬಾರದು, ಕಾಲಿಡುವ ಜಾಗ 10 ಅಂಗುಲಕ್ಕಿಂತ ಕಡಿಮೆಯಿರಬಾರದು.

ತಪಾಸಣೆ

ಪರವಾನಗಿ ಪತ್ರ ಕೈಸೇರಿದೊಡನೆ ಇಲಾಖೆಯ ಕೆಲಸ ಮುಗಿಯುವುದಿಲ್ಲ. ಹೆಚ್ಚಿನ ಕಡೆ ಮೂರು ಹಂತಗಳಲ್ಲಿ ತಪಾಸಣೆ ನಡೆಯುತ್ತದೆ. ಮೊದಲನೆಯದು, ಗುಂಡಿ ತೋಡಿದ ಬಳಿಕ ಕಾಂಕ್ರೀಟ್ ಸುರಿಯುವ ಮುನ್ನ. ಎರಡನೆಯದು, ತೊಲೆ, ಜಂತೆ ಮತ್ತು ಲೆಡ್ಜರ್ ಕೂರಿಸಿದ ಬಳಿಕ ಮೇಲಿನ ಹಲಗೆ ಹಾಸುವ ಮುನ್ನ. ಮೂರನೆಯದು, ಮೆಟ್ಟಿಲು ಮತ್ತು ಕಟಾಂಜನ ಸಹಿತ ಕೆಲಸ ಪೂರ್ಣಗೊಂಡಾಗ. ಒಂದು ಹಂತಕ್ಕೆ ಒಪ್ಪಿಗೆ ದೊರೆಯದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ತಪಾಸಣೆಗೆ ಮೊದಲೇ ಮುಚ್ಚಿದ ಭಾಗವನ್ನು ಮಾಲೀಕರ ಖರ್ಚಿನಲ್ಲಿಯೇ ಬಿಚ್ಚಿ ತೋರಿಸಬೇಕಾಗಬಹುದು.

ದುರಂತಗಳು ಮತ್ತು ಸುಧಾರಣೆ

2003ರ ಜೂನ್ 29ರಂದು ಷಿಕಾಗೋ ನಗರದ ಲಿಂಕನ್ ಪಾರ್ಕ್ ಪ್ರದೇಶದಲ್ಲಿ, ಸಂತೋಷಕೂಟವೊಂದು ನಡೆಯುತ್ತಿದ್ದಾಗ ವಸತಿ ಕಟ್ಟಡದ ಹಿಂಬದಿಯ ಮರದ ಅಂತಸ್ತುಗಳು ಒಂದರ ಮೇಲೊಂದು ಕುಸಿದು 13 ಮಂದಿ ಸತ್ತರು. 57 ಮಂದಿ ಗಾಯಗೊಂಡರು. ಅದು ನಿಯಮ ಅನುಮತಿಸಿದ್ದಕ್ಕಿಂತ ದೊಡ್ಡದಾಗಿತ್ತೆಂದು ನಗರಾಡಳಿತ ಹೇಳಿತು.

2015ರ ಜೂನ್ 16ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವಸತಿ ಸಮುಚ್ಚಯದ ಮೇಲಂತಸ್ತಿನ ಬಾಲ್ಕನಿ ಮುರಿದು ಬಿದ್ದು 6 ಯುವಜನರು ಅಸುನೀಗಿದರು. 7 ಮಂದಿ ಗಾಯಗೊಂಡರು. ನೀರಿಳಿದು ಒಳಗಿನ ಮರ ಕೊಳೆತುಹೋಗಿದ್ದುದು ಕಂಡುಬಂದಿತು. ಹೊರಗಿನಿಂದ ನೋಡುವವರಿಗೆ ಈ ದೋಷ ಗೋಚರಿಸುವಂತಿರಲಿಲ್ಲ. ಕಟ್ಟುವಾಗಿನ ತಪಾಸಣೆಯೊಂದೇ ಸಾಲದು, ಕಾಲಕಾಲಕ್ಕೆ ಮರುಪರೀಕ್ಷೆಯೂ ಬೇಕೆಂಬುದನ್ನು ಈ ಘಟನೆ ಮನಗಾಣಿಸಿತು. ಕ್ಯಾಲಿಫೋರ್ನಿಯವು 2018ರಲ್ಲಿ ಕಾನೂನು ಮಾಡಿ, ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳಲ್ಲಿ ನೆಲದಿಂದ ಆರು ಅಡಿಗಿಂತ ಎತ್ತರದ ಮರದ ಬಾಲ್ಕನಿ, ಡೆಕ್ ಮುಂತಾದವುಗಳನ್ನು ಆರು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂದು ವಿಧಿಸಿತು. ಒಂಟಿ ಮನೆಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅಲ್ಲಿನ ಡೆಕ್‌ನ ನಿರ್ವಹಣೆ ಮಾಲೀಕರ ಹೊಣೆಯಾಗಿಯೇ ಉಳಿದಿದೆ.

ಪರವಾನಗಿಯಿಲ್ಲದೆ ಕಟ್ಟಿದರೆ

ಇಲಾಖೆಯು ಕೆಲಸ ನಿಲ್ಲಿಸುವ ಆದೇಶ ನೀಡಬಹುದು. ಅನೇಕ ಊರುಗಳಲ್ಲಿ ತಡವಾಗಿ ಸಲ್ಲಿಸಿದ ಅರ್ಜಿಗೆ ಹೆಚ್ಚುವರಿ ಶುಲ್ಕ ವಿಧಿಸಲಾಗುತ್ತದೆ. ನಿಯಮಕ್ಕೆ ಹೊಂದದ ಭಾಗವನ್ನು ಸರಿಪಡಿಸಬೇಕು ಅಥವಾ ಕೆಡವಬೇಕು. ಮನೆ ಮಾರುವ ಸಂದರ್ಭದಲ್ಲಿ ಕೊಳ್ಳುವವರು ದಾಖಲೆ ಕೇಳಿದಾಗ ವ್ಯವಹಾರಕ್ಕೆ ತೊಡಕಾಗಬಹುದು. ಅಪಘಾತವಾದರೆ ವಿಮಾ ಪರಿಹಾರದ ವಿಷಯದಲ್ಲಿಯೂ ವಿವಾದ ಏಳಬಹುದು. ಹಿಂದಿನ ಮಾಲೀಕರು ಪರವಾನಗಿಯಿಲ್ಲದೆ ಕಟ್ಟಿದ ಡೆಕ್ ಇರುವ ಮನೆಯನ್ನು ಕೊಂಡವರಿಗೆ ಅದನ್ನು ಸಕ್ರಮಗೊಳಿಸುವ ಹೊರೆಯೂ ಬರಬಹುದು. ಆದುದರಿಂದ ಮನೆ ಕೊಳ್ಳುವ ಮುನ್ನ ಸ್ಥಳೀಯ ಕಟ್ಟಡ ಇಲಾಖೆಯಲ್ಲಿ ಹಳೆಯ ಪರವಾನಗಿಗಳನ್ನು ಪರಿಶೀಲಿಸುವುದು ಉಚಿತ.

ಕರ್ನಾಟಕದೊಡನೆ ಹೋಲಿಕೆ

ಕರ್ನಾಟಕದಲ್ಲಿ ಡೆಕ್ ಎಂಬ ಹೆಸರಿನ ಪ್ರತ್ಯೇಕ ಪರವಾನಗಿ ರೂಢಿಯಲ್ಲಿಲ್ಲ. ಬಾಲ್ಕನಿ, ಪೋರ್ಟಿಕೋ ಮೊದಲಾದವುಗಳನ್ನು ಮನೆಯ ನಕ್ಷೆಯಲ್ಲಿಯೇ ತೋರಿಸಿ ಮಹಾನಗರ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ಮಂಜೂರಾತಿ ಪಡೆಯಲಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿ ಕಟ್ಟಿ ಮುಗಿದ ಮನೆಯನ್ನು ಕೊಂಡು ಬಳಿಕ ಡೆಕ್ ಸೇರಿಸುವುದಾದರೆ, ಮನೆಗೆ ಹಿಂದೆ ದೊರೆತ ಪರವಾನಗಿಯು ಹೊಸ ಡೆಕ್‌ಗೆ ಅನ್ವಯಿಸುವುದಿಲ್ಲ. ಅದಕ್ಕೆ ಹೊಸದಾಗಿ ಅರ್ಜಿ ಸಲ್ಲಿಸಬೇಕು.